ಗಾಜಿನ ಹಲಗೆಯ ಮೇಲೊಂದು ಜಗಳ

"ಇನ್ನು ಮೇಲೆ ನನ್ನ ಬರವಣಿಗೆ, ನನ್ನ ಅಂಚೆ, ನನ್ನ ಜಗಳ, ಎಲ್ಲವೂ ಇದರಲ್ಲೇ!" ಎಂದು ಘೋಷಿಸಿ, ಸೋಮವಾರ ಬೆಳಿಗ್ಗೆ ಹೊಸ ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಸೋಫಾದ ಮೇಲೆ ಕಾಲು ಮಡಚಿ ಕೂತೆ. ಹತ್ತು ವರ್ಷ ನನ್ನ ತೊಡೆ ಸುಟ್ಟ ಅಪರಾಧಕ್ಕಾಗಿ ಹಳೆಯ ಲ್ಯಾಪ್‌ಟಾಪಿಗೆ ಆಗಲೇ ಬೀರುವಿನ ಮೇಲೆ ವನವಾಸ ವಿಧಿಸಿಯಾಗಿತ್ತು.

ನನ್ನ ಗಂಡನದು ಕನ್ನಡಕದ ಅಂಗಡಿ. ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತದೆಯೇ ಕೇಳಿದರು, "ಅದರಲ್ಲಿ ಟೈಪ್ ಮಾಡಕ್ಕೆ ಆಗತ್ತಾ?"

ಆಗತ್ತಾ! ಕೇಳುತ್ತಿರುವುದು ಯಾರನ್ನ! ಕಾನ್ವೆಂಟಿನ ಟೈಪಿಂಗ್ ಕ್ಲಾಸಿನಲ್ಲಿ ಸಿಸ್ಟರ್ ನಮ್ಮ ಕೈಗಳ ಮೇಲೆ ಕರವಸ್ತ್ರ ಹೊದಿಸಿ, ಕೀಲಿಗಳನ್ನು ನೋಡದೆ ಹತ್ತೂ ಬೆರಳಲ್ಲಿ ಹೊಡೆಯಲು ಕಲಿಸಿದ್ದರು. ನಿಮಿಷಕ್ಕೆ ಐವತ್ತೈದು ಪದ! ಅದೇ ಬೆರಳುಗಳಿಂದ ವಾರಪತ್ರಿಕೆಯೊಂದಕ್ಕೆ ಹನ್ನೊಂದು ವರ್ಷದಿಂದ ಹಾಸ್ಯ ಅಂಕಣ ಬರೆಯುತ್ತಿದ್ದೇನೆ. ನನ್ನನ್ನು ಕೇಳುತ್ತಾರೆ, ಆಗತ್ತಾ ಅಂತ!

"ಟ್ಯಾಬ್ಲೆಟ್ ಅಂತ ಹೆಸರಿಟ್ಟ ಮೇಲೆ ಏನೋ ಒಂದು ಕಾಯಿಲೆ ವಾಸಿ ಮಾಡೇ ಮಾಡತ್ತೆ ಬಿಡಿ" ಅಂದೆ.

"ಹೊಸ ಕಾಯಿಲೆ ತರದಿದ್ರೆ ಸಾಕು" ಅಂದು ಅವರು ಅಂಗಡಿಗೆ ಹೊರಟರು.

ಅರ್ಧ ಗಂಟೆಯಲ್ಲಿ ನನಗೆ ಸತ್ಯದರ್ಶನವಾಯಿತು. ಅದಕ್ಕೆ ಕೀಲಿಮಣೆ ಎನ್ನುತ್ತಾರೆ, ಆದರೆ ಅಲ್ಲಿ ಕೀಲಿಯೂ ಇಲ್ಲ, ಮಣೆಯೂ ಇಲ್ಲ, ಬರೀ ಗಾಜು. ಹತ್ತು ಬೆರಳಿಟ್ಟರೆ ಹತ್ತು ಅಕ್ಷರ ಒಟ್ಟಿಗೆ ಬೀಳುತ್ತವೆ. ಒಂದೇ ಬೆರಳಲ್ಲಿ ಕುಕ್ಕಿದರೆ ಕಾಳು ಹೆಕ್ಕುವ ಕೋಳಿಯಾಗುತ್ತೇನೆ. ಒಂದು ಒತ್ತಕ್ಷರಕ್ಕೆ ಮೂರು ಸಲ ಕುಕ್ಕು! ಬರೆದದ್ದನ್ನು ತಿದ್ದೋಣವೆಂದು ಬೆರಳಿಟ್ಟರೆ ತಪ್ಪಿನ ಮೇಲೆ ಬೆರಳೇ ಕೂತು ತಪ್ಪೇ ಕಾಣದು. ಸ್ವಲ್ಪ ವಾಲಿ ಕೂತರೆ ಉದ್ದಕ್ಕಿದ್ದ ಪುಟ ಅಡ್ಡಕ್ಕೆ ಮಲಗುತ್ತದೆ, ಜತೆಗೆ ನನ್ನ ಕತ್ತೂ. ನಿಮಿಷಕ್ಕೆ ಐವತ್ತೈದು ಪದದ ಮಹಾರಾಣಿ ಐದೂವರೆಗೆ ಇಳಿದಿದ್ದಳು. ಆದರೆ ಘೋಷಣೆ ಮಾಡಿಯಾಗಿತ್ತಲ್ಲ! ಬೀರುವಿನ ಮೇಲಿನ ಲ್ಯಾಪ್‌ಟಾಪಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಇಲ್ಲಿ ನಮ್ಮ ಸಂಸಾರದ ಒಂದು ಗುಟ್ಟು ಹೇಳಬೇಕು. ನಮ್ಮಿಬ್ಬರಿಗೂ ಇರುವುದು ಒಂದೇ ಇ-ಮೇಲ್ ಖಾತೆ. ಅವರು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯುತ್ತಾರೆ, ನಾನು ಮನೆಯಲ್ಲಿ. ಹಾಗಾಗಿ ನಾವು ಬಾಯಲ್ಲಿ ಜಗಳ ಆಡುವುದಿಲ್ಲ, ಡ್ರಾಫ್ಟಿನಲ್ಲಿ ಆಡುತ್ತೇವೆ. ಕಳಿಸದೆ ಬಿಟ್ಟ ಪತ್ರಗಳು ಬಿದ್ದಿರುತ್ತವಲ್ಲ, ಆ ಮೂಲೆಯಲ್ಲಿ. ನಾನು ಸಿಟ್ಟನ್ನು ಬರೆದು, ಯಾರ ವಿಳಾಸವನ್ನೂ ಹಾಕದೆ, ಅಲ್ಲೇ ಬಿಡುತ್ತೇನೆ. ಗಿರಾಕಿಗಳು ಫ್ರೇಮು ಏರಿಸಿ ಕನ್ನಡಿ ನೋಡಿಕೊಳ್ಳುವ ಹೊತ್ತಿನಲ್ಲಿ ಅವರು ಅದನ್ನು ತೆರೆದು, ಕೆಳಗೆ ತಮ್ಮ ಉತ್ತರ ಸೇರಿಸಿ, ಅಲ್ಲೇ ಬಿಡುತ್ತಾರೆ. ಎಂಟು ವರ್ಷದಿಂದ ಹೀಗೇ. "ನಿಮ್ಮನೇಲಿ ಒಂದು ದಿನಾನೂ ಜೋರು ದನಿ ಕೇಳಿಲ್ಲ ನೋಡಿ" ಎಂದು ಪಕ್ಕದ ಮನೆಯಾಕೆ ಹೊಟ್ಟೆಕಿಚ್ಚು ಪಡುವಾಗ ನಾವಿಬ್ಬರೂ ವಿನಯದಿಂದ ತಲೆ ತಗ್ಗಿಸುತ್ತೇವೆ.

ಮಂಗಳವಾರ ಊಟದ ನಡುವೆ ಇವರು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು, "ಮುಂದಿನ ಸೋಮವಾರ ಅಕ್ಕನ ಮಂಡಿ ಆಪರೇಷನ್. ಆಸ್ಪತ್ರೆಯಿಂದ ಸೀದಾ ಇಲ್ಲಿಗೇ, ಮೂರು ತಿಂಗಳು. ಮುಂದಿನ ಕೋಣೆ ನಿನ್ನದೇ ಅಂತ ಅವಳಿಗೆ ಹೇಳ್ಬಿಟ್ಟಿದೀನಿ."

ಅಕ್ಕ ಅಂದರೆ ಇವರ ಒಬ್ಬಳೇ ಅಕ್ಕ. ನಾನೂ ಹಾಗೇ ಕರೆಯುತ್ತೇನೆ. ನಿವೃತ್ತ ಗಣಿತದ ಟೀಚರ್, ಒಂಟಿಯಾಗಿ ಬೇರೆ ಊರಲ್ಲಿದ್ದಾರೆ. ಮುಂದಿನ ಕೋಣೆ ಅಂದರೆ ನನ್ನ ಬರೆಯುವ ಕೋಣೆ. ಕಿಟಕಿ, ಮೇಜು, ಬಾಗಿಲಿಗೆ ಚಿಲಕ, ಮೂರೂ ಇರುವ ಏಕೈಕ ಕೋಣೆ!

ಬಾಯಿ ಬಿಗಿಹಿಡಿದು ಊಟ ಮುಗಿಸಿ ಡ್ರಾಫ್ಟಿನಲ್ಲಿ ನಾಲ್ಕು ಸಾಲು ಕುಕ್ಕಿದೆ. "ನನ್ನ ಕೋಣೆ ಕೊಡೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು ಅಂತ ಅನ್ನಿಸಲಿಲ್ವಾ?" ಸಂಜೆಯೊಳಗೆ ಅಂಗಡಿಯಿಂದ ಉತ್ತರ ಬಂದು ಬಿದ್ದಿತ್ತು. "ಕೇಳಿದ್ರೆ ಬೇಡ ಅಂತಿದ್ಯಾ? ಇಲ್ಲ ತಾನೇ. ಅದಕ್ಕೇ ಕೇಳಲಿಲ್ಲ."

ನೋಡಿದಿರಾ ತರ್ಕ! ಬುಧವಾರ ಬೆಳಿಗ್ಗೆ ಹತ್ತಕ್ಕೆ ನಾನು ಮಹಾಪತ್ರಕ್ಕೆ ಕೂತೆ. ಹೊಸ ಹಾಳೆ ತೆರೆದು "ಅಕ್ಕ" ಎಂದು ಕುಕ್ಕಿದೆ. ಪದ ಸರ್ರನೆ ಮೇಲಕ್ಕೆ ಹೋಗಿ ನೀಲಿ ಬಣ್ಣದ ದುಂಡನೆಯ ಪಟ್ಟಿಯಲ್ಲಿ ಕೂತಿತು. ಓಹೋ, ನಾನು ಲೇಖಕಿ ಅಂತ ತಿಳಿದು ಶೀರ್ಷಿಕೆಯನ್ನು ಚಂದ ಮಾಡಿ ಕೊಟ್ಟಿದೆ ಪಾಪ, ಅಂದುಕೊಂಡು ಕೆಳಗಿನಿಂದ ಮುಂದುವರಿಸಿದೆ.

"ನಿಮ್ಮಕ್ಕ ಬರೋದಕ್ಕೆ ನನ್ನ ತಕರಾರಿಲ್ಲ. ಆದರೆ ಹೋದ ಸಲ ಬಂದಾಗ ನನ್ನ ಅಡಿಗೆಮನೆ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿದ್ರು, ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನ ನಿಲ್ಲಿಸಿದ ಹಾಗೆ. ಸಕ್ಕರೆ ಹುಡುಕೋ ಅಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಬಂತು. ನಾನು ಕೋಣೆಯಿಂದ ಕಾಲು ಹೊರಗಿಟ್ರೆ ಸಾಕು, ಫ್ಯಾನು ಆರಿಸ್ತಾರೆ. ಕಾಲು ಒಳಗಿರೋವಾಗ್ಲೂ ಆರಿಸ್ತಾರೆ. ಅವರ ಗೊರಕೆಗೆ ಕಿಟಕಿ ಗಾಜು ತಾಳ ಹಾಕತ್ತೆ. ಮೂರು ತಿಂಗಳು! ಅವರ ಮಂಡಿ ವಾಸಿಯಾಗೋ ಹೊತ್ತಿಗೆ ನನ್ನ ಮಂಡೆ ಹೋಗಿರತ್ತೆ."

ಮಂಡಿಗೆ ಮಂಡೆ! ನನಗೇ ಮೆಚ್ಚುಗೆಯಾಯಿತು. ಇಂಥ ಪತ್ರವನ್ನು ಮೊದಲಿಂದ ಒಮ್ಮೆ ಓದಿ ಆನಂದಿಸಬೇಡವೇ? ಕೀಲಿಮಣೆ ಅರ್ಧ ಪುಟ ನುಂಗಿ ಕೂತಿತ್ತು. ಮೇಲೆ ಹೋಗುವುದು ಹೇಗೆ? ಬಲಗಡೆ ಮೂಲೆಯಲ್ಲಿ ಮೇಲ್ಮುಖವಾಗಿ ಒಂದು ಬಾಣವಿತ್ತು. ಮೇಲಕ್ಕೆ ಹೋಗಲೆಂದೇ ಇಟ್ಟಿದ್ದಾರೆ ಜಾಣರು, ಎಂದು ಒತ್ತಿದೆ.

ಸುಂಯ್!

ಪತ್ರವಿದ್ದ ಜಾಗದಲ್ಲಿ ಏನೂ ಇಲ್ಲ. ಡ್ರಾಫ್ಟಿನಲ್ಲಿ ಹುಡುಕಿದೆ, ಇಲ್ಲ. ಕಳಿಸಿದ ಪತ್ರಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ನಿಗಿನಿಗಿ ಹೊಳೆಯುತ್ತಿತ್ತು, ಪಕ್ಕದಲ್ಲಿ ಅದೇ ನೀಲಿ ಪಟ್ಟಿ, "ಅಕ್ಕ". ಆಗ ಹೊಳೆಯಿತು. ಅದು ಶೀರ್ಷಿಕೆಯಲ್ಲ, ವಿಳಾಸ! ಗುರುತಿನವರ ಪಟ್ಟಿಯಲ್ಲಿ "ಅಕ್ಕ" ಎಂದು ನಾನೇ ಬರೆದಿಟ್ಟಿದ್ದವರ ವಿಳಾಸ.

ಅಂಗಡಿಗೆ ಫೋನು ಮಾಡಿದೆ. "ರೀ, ಅಕ್ಕನ ಮೇಲೆ ಬರೆದದ್ದು ಅಕ್ಕನಿಗೇ ಹೋಯ್ತು!"

ಅವರು ಗಿರಾಕಿಗೆ ಹೇಳುವ ಅದೇ ಸಮಾಧಾನದ ದನಿಯಲ್ಲಿ, "ಹತ್ತಿರದ್ದು ಕಾಣಿಸ್ತಾ ಇಲ್ಲ ನಿನಗೆ. ಎಷ್ಟು ಸಲ ಹೇಳಿದೀನಿ, ನಂಬರು ಚೆಕ್ ಮಾಡಿಸ್ಕೊ ಅಂತ."

"ನಂಬರು ಆಮೇಲೆ! ಅಕ್ಕ ಇನ್ನು ಬರಲ್ಲ ರೀ!"

ನಮ್ಮಿಬ್ಬರಿಗೂ ಅಕ್ಕ ಗೊತ್ತು. ಯಾರೋ ಒಮ್ಮೆ "ನಿಮ್ಮ ಕೋಲಿನ ಸದ್ದಿಗೆ ಮಗು ಏಳತ್ತೆ" ಅಂದದ್ದಕ್ಕೆ ನಾಲ್ಕು ವರ್ಷಗಳ ಕಾಲ ಹಿಂಬದಿಯ ಗೇಟಿನಿಂದಲೇ ಓಡಾಡಿದವರು. ಬೈಯುವುದಿಲ್ಲ, ಅಳುವುದಿಲ್ಲ. ಸುಮ್ಮನೆ ದೂರ ಸರಿಯುತ್ತಾರೆ. ಕತ್ತರಿಸಿ ಹೊಲಿದ ಮಂಡಿ ಇಟ್ಟುಕೊಂಡು ಆ ಖಾಲಿ ಮನೆಯಲ್ಲಿ ಒಬ್ಬರೇ, ಒಂದು ಲೋಟ ನೀರಿಗೆ ಹಾಸಿಗೆಯಿಂದ ಕಾಲು ಇಳಿಸುವುದು ನನ್ನ ಕಣ್ಣಿಗೆ ಕಟ್ಟಿತು. ಹತ್ತಿರದ್ದು ಕಾಣದಿದ್ದರೂ ದೂರದ್ದು ಚೆನ್ನಾಗಿ ಕಾಣುತ್ತದೆ ನನಗೆ.

ಇವರು ಫೋನು ಮಾಡಿದರು, ಅಕ್ಕ ಎತ್ತಲಿಲ್ಲ. ನಾನು ಮಾಡಿದೆ, ಎತ್ತಲಿಲ್ಲ.

ಸುಮ್ಮನಿದ್ದಿದ್ದರೆ ಒಂದೇ ಪತ್ರಕ್ಕೆ ಮುಗಿಯುತ್ತಿತ್ತು. ಸುಮ್ಮನಿರುವುದನ್ನು ಕಾನ್ವೆಂಟಿನಲ್ಲಿ ಕಲಿಸಿದ್ದರು, ನಾನು ಆ ದಿನ ರಜೆ ಹಾಕಿದ್ದೆನೆಂದು ಕಾಣುತ್ತದೆ. ಮೊದಲು ಆ ಪತ್ರವನ್ನು ಕಳಿಸಿದ ಪತ್ರಗಳಿಂದ ಅಳಿಸಿದೆ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆಂಬ ದುರಾಸೆ! ಬಳಿಕ ಎರಡನೆಯ ಪತ್ರ. "ಅಕ್ಕ, ಈಗ ಬಂದಿರುವ ಪತ್ರ ದಯವಿಟ್ಟು ತೆರೆಯಬೇಡಿ." ಬಾಣ ಒತ್ತಿದ ಮೇಲೆ ಯೋಚಿಸಿದೆ. ಇಂಥ ಸಾಲು ಓದಿದ ಮೇಲೂ ತೆರೆಯದ ಮನುಷ್ಯರು ಭೂಮಿಯ ಮೇಲೆ ಹುಟ್ಟಿದ್ದಾರೆಯೇ?

ಹಾಗಾಗಿ ಮೂರನೆಯದು. "ಅಕ್ಕ, ಅದು ನನ್ನ ಅಂಕಣಕ್ಕೆ ಬರೆದ ಹಾಸ್ಯ ಬರಹ. ಅದರಲ್ಲಿ ಬರೋ ಅಕ್ಕ ಬರೀ ಕಲ್ಪನೆ. ಕೈತಪ್ಪಿ ನಿಮಗೆ ಬಂತು." ಈ ಮೂರು ಸಾಲು ಕುಕ್ಕಲು ಇಪ್ಪತ್ತು ನಿಮಿಷ. ಬೆವರಿದ ಬೆರಳನ್ನು ಗಾಜು ಗುರುತಿಸದು, ಒರೆಸಿಕೊಂಡು ಬಂದರೆ ಪುಟ ಅಡ್ಡ ಮಲಗಿರುತ್ತದೆ. ಅಂತೂ ಕಳಿಸಿ ಉಸ್ಸೆಂದೆ.

ಊಟಕ್ಕೆ ಮನೆಗೆ ಬಂದ ಇವರು ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಂಡು ಬೆರಳಾಡಿಸಿದರು. "ಒಂದು ವಿಷಯ. ಅಳಿಸಿದ್ದನ್ನ ಕಸದಿಂದ ಹೊರಗೆ ತೆಗೆದ್ಯಾ?"

"ಅಕ್ಷರಶಃ ಏನು ಬರೆದಿದ್ದೆ ಅಂತ ನೋಡಕ್ಕೆ ತೆಗೆದೆ. ಯಾಕೆ?"

"ಮೂರನೇ ಪತ್ರಾನ ಅದಕ್ಕೇ ಉತ್ತರ ಅಂತ ಬರೆದಿದೀಯ. ಕೆಳಗೆ ಮೊದಲನೇದು ಪೂರ್ತಿ ಅಂಟಿಕೊಂಡು ಹೋಗಿದೆ. ಈಗ ಅಕ್ಕನ ಹತ್ತಿರ ಎರಡು ಪ್ರತಿ ಇದೆ."

ನಾನು ಅಡಿಗೆಮನೆಗೆ ಹೋಗಿ ಡಬ್ಬಗಳ ಎದುರು ನಿಂತೆ. ಏನು ಮಾಡಬೇಕೋ ತಿಳಿಯದೆ ಅವುಗಳನ್ನು ಎತ್ತರದ ಪ್ರಕಾರ ಜೋಡಿಸತೊಡಗಿದೆ. ಇವರು ಬಾಗಿಲಲ್ಲಿ ನಿಂತು ನೋಡಿದರು.

"ತಪ್ಪು ನಂದು ಕಣೇ" ಅಂದರು. ಡ್ರಾಫ್ಟಿನಲ್ಲಿ ಅಲ್ಲ, ಬಾಯಲ್ಲಿ! "ನಿನ್ನನ್ನ ಕೇಳಬೇಕಿತ್ತು. ನಾಳೆ ಬೆಳಿಗ್ಗೆ ಅವಳ ಊರಿಗೆ ಹೋಗಿ ಒಪ್ಪಿಸಿ ಬರ್ತೀನಿ. ಬೈದ್ರೆ ಬೈಸ್ಕೋತೀನಿ."

"ಬೈಯಲ್ಲ ರೀ ಅವರು. ಅದೇ ಕಷ್ಟ. ಬಾಗಿಲು ತೆಗೆದು, ಕಾಫಿ ಕೊಟ್ಟು, 'ಬರಲ್ಲ' ಅಂತಾರೆ. ನಾನೂ ಬರ್ತೀನಿ."

ಅವರು ಅಂಗಡಿಗೆ ಹೋದರು. ಸಂಜೆ ಐದಕ್ಕೆ ಅಲ್ಲಿಂದ ಫೋನು.

"ಡ್ರಾಫ್ಟಿನಲ್ಲಿ ಒಂದು ಪತ್ರ ಇದೆ. ನೀನು ಬರೆದ್ಯಾ?"

"ಇಲ್ಲ. ನೀವು ಬರೆದಿರಬೇಕು."

"ನಾನು ಬರೆದಿಲ್ಲ."

ನಮ್ಮಿಬ್ಬರನ್ನು ಬಿಟ್ಟರೆ ಆ ಮೂಲೆಗೆ ಗಾಳಿಯೂ ಹೋಗಲಾರದು! ಗಾಜಿನ ಹಲಗೆ ತೆರೆದೆ. ಪತ್ರ ಹೀಗಿತ್ತು:

"ಇಬ್ಬರಿಗೂ. ಬೆಳಿಗ್ಗೆಯಿಂದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ, ಫೋನು ಚೀಲದಲ್ಲಿತ್ತು. ಈ ಖಾತೆಯನ್ನು ನಿಮಗೆ ತೆರೆದು ಕೊಟ್ಟದ್ದು ನಾನೇ, ನನ್ನ ಕಂಪ್ಯೂಟರಿನಲ್ಲಿ. ಮರೆತಿದ್ದೀರಿ. ನೀವು ಪಾಸ್‌ವರ್ಡ್ ಬದಲಾಯಿಸಲಿಲ್ಲ, ನಾನು ಮುಚ್ಚಲಿಲ್ಲ. ನಿಮ್ಮ ಜಗಳ ಕಣ್ಣಿಗೆ ಬಿದ್ದ ಮೊದಲ ದಿನವೇ ಹೇಳಬೇಕಿತ್ತು. ಆದರೆ ಆ ಜಗಳ ಅರ್ಧಕ್ಕೆ ನಿಂತಿತ್ತು, ಮುಗಿಯಲಿ ಅಂತ ಕಾದೆ. ಆಮೇಲೆ ಅಭ್ಯಾಸವಾಯಿತು. ಎಂಟು ವರ್ಷದಿಂದ ಬೆಳಗಿನ ಕಾಫಿ ಜೊತೆ ಓದುತ್ತಿದ್ದೇನೆ. ನನ್ನದೂ ತಪ್ಪೇ.

ತಮ್ಮಾ, ಕೇಳದೆ ಕೋಣೆ ಕೊಟ್ಟದ್ದು ನಿನ್ನ ತಪ್ಪು. ನಿನ್ನೆಯ ಜಗಳ ಇವತ್ತಿನ ಕಾಫಿ ಜೊತೆ ಓದಿದೆ. ನನಗೆ ಹಿಂದಿನ ಕೋಣೆ ಸಾಕು. ಡಬ್ಬದ ವಿಷಯ ಒಪ್ಪಿದೆ, ಫ್ಯಾನಿನ ವಿಷಯ ಅರ್ಧ ಒಪ್ಪಿದೆ, ಗೊರಕೆ ಒಪ್ಪುವುದಿಲ್ಲ.

ಇನ್ನು ನಿನಗೆ. ಅದು ಅಂಕಣಕ್ಕೆ ಬರೆದದ್ದು ಅಂತ ಮೂರನೆಯ ಪತ್ರದಲ್ಲಿ ಹೇಳಿದ್ದೀಯ. ಸುಳ್ಳು. ಮಧ್ಯಾಹ್ನ ಫೋನು ತೆಗೆದು ಆ ಮೊದಲ ಪತ್ರ ಓದಿ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ನರ್ಸ್ ಬಂದು ವಿಚಾರಿಸಿದಳು. ನಿನ್ನ ಅಂಕಣವನ್ನು ಪ್ರತಿ ವಾರ ಓದುತ್ತೇನೆ. ಹಾಗೆ ಯಾವತ್ತೂ ಆಗಿಲ್ಲ."

ಎರಡು ಸಲ ಓದಿದೆ. ಹನ್ನೊಂದು ವರ್ಷದ ಅಂಕಣ, ಸಾವಿರಾರು ಓದುಗರು ಎಂದು ನಾನು ನಂಬಿದ್ದು! ನನ್ನ ಖಾಯಂ ಓದುಗರೆಂದರೆ ಒಬ್ಬರೇ. ಅವರು ಓದುತ್ತಿದ್ದದ್ದು ನಾನು ಯಾರಿಗೂ ಕಳಿಸದೆ ಇಟ್ಟದ್ದನ್ನು!

ನಗು ಬಂತೋ ಅಳು ಬಂತೋ, ನನಗೇ ತಿಳಿಯಲಿಲ್ಲ. ಮುಂದಿನ ಕೋಣೆಗೆ ಹೋದೆ. ಮೇಜನ್ನು ಗೋಡೆಗೆ ಸರಿಸಿ, ಮಂಚ ಕಿಟಕಿಯ ಪಕ್ಕ ಬಂದರೆ ಕಾಲು ಚಾಚಲು ಎಷ್ಟು ಜಾಗ ಸಿಗುತ್ತದೆಂದು ಗೇಣು ಹಾಕಿ ಅಳೆದೆ. ಸಿಗುತ್ತದೆ. ಅಲ್ಲೇ ನೆಲದ ಮೇಲೆ ಕೂತು, ಅಕ್ಕನ ಪತ್ರದ ಕೆಳಗೆ, ಒಂದೇ ಬೆರಳಲ್ಲಿ, ನಲವತ್ತು ನಿಮಿಷ ಕುಕ್ಕಿದೆ. ನನ್ನ ಜೀವಮಾನದ ಅತ್ಯಂತ ಪ್ರಾಮಾಣಿಕ ಬರಹ. ಹಿಂದಿನ ಕೋಣೆಯಿಂದ ಬಚ್ಚಲಿಗೆ ಮೂರು ಮೆಟ್ಟಿಲು ಹತ್ತಬೇಕು, ಅದು ಮಂಡಿಗಾಗದು. ಮುಂದಿನ ಕೋಣೆ ನಿಮ್ಮದೇ, ಇದನ್ನು ಹೇಳುತ್ತಿರುವುದು ನಿಮ್ಮ ತಮ್ಮನಲ್ಲ, ನಾನು. ಫ್ಯಾನು ಎಷ್ಟು ಬೇಕಾದರೂ ಆರಿಸಿ. ನೀವು ಬರದೆ ಹೋಗುತ್ತೀರೆಂದು ಇಡೀ ದಿನ ನನಗೆ ಅನ್ನ ಇಳಿಯಲಿಲ್ಲ. ಹೀಗೆ ಹನ್ನೊಂದು ಸಾಲು. ಓದಿಕೊಂಡಾಗ ನನ್ನ ಕಣ್ಣೇ ತುಂಬಿ ಬಂತು. ಬಾಣದ ಹತ್ತಿರವೂ ಬೆರಳು ಒಯ್ಯದೆ ಡ್ರಾಫ್ಟಿನಲ್ಲೇ ಬಿಟ್ಟೆ.

ಐದು ನಿಮಿಷದಲ್ಲಿ ಕೆಳಗೆ ಉತ್ತರ ಮೂಡಿತ್ತು.

"ಕೋಣೆಗೆ ಒಪ್ಪಿದೆ. ಸೋಮವಾರ ಇಬ್ಬರೂ ಆಸ್ಪತ್ರೆಗೆ ಬನ್ನಿ. ಈ ಪತ್ರದಲ್ಲಿ ಹುಡುಕಿದರೂ ಒಂದು ನಗು ಇಲ್ಲ. ಅಂಕಣಕ್ಕೆ ಕಳಿಸು."