ಬುರುಡೆಗೆ ಮಲ್ಲಿಗೆ ಮುಡಿಸಿದ ಮಾವ

ನನ್ನ ಸೋದರಮಾವ ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಅವರ ಮನೆಗೆ ಸಾವಿನ ಹಾರ ಬಂದಿತ್ತು ಎಂದರೆ ನೀವು ನಂಬುವುದಿಲ್ಲ. ಹಾರ ತಂದವರಿಗೆ ಕಾಪಿ ಕೊಟ್ಟವನೇ ನಾನಾದ್ದರಿಂದ ನಾನು ನಂಬಲೇಬೇಕಾಯಿತು!

ಮಾವ ತಮಿಳುನಾಡಿನ ಸೇಲಂನಲ್ಲಿರುವ ಕನ್ನಡ ಮನೆಮಾತಿನ ನೇಕಾರ. ಐವತ್ತು ವರ್ಷ ಸೀರೆಯ ಅಂಚಿನಲ್ಲಿ ಮಾವಿನಕಾಯಿ, ಹಂಸ ಬಿಟ್ಟರೆ ಬೇರೇನನ್ನೂ ಮೂಡಿಸಿದವರಲ್ಲ. ಅಂಥವರಿಗೆ ಮೊಮ್ಮಗಳು ಫೋನಿನಲ್ಲಿ ಚಿಕಾನೊ ಚಿತ್ರಗಳನ್ನು ತೋರಿಸಿಬಿಟ್ಟಳು. ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕೊ ಮೂಲದ ಜನ ತಮ್ಮ ಅಜ್ಜಿಯರನ್ನು, ಹೂ ಮುಡಿದ ತಲೆಬುರುಡೆಗಳನ್ನು ಬೀದಿಗೋಡೆಯ ಮೇಲೆ ಆಳೆತ್ತರಕ್ಕೆ ಬರೆಯುತ್ತಾರೆ.

"ಅವ್ರೂ ನಮ್ಮಂಗೇ ಕಣ್ಲಾ," ಎಂದರು ಮಾವ. "ಮನೇಲೊಂದು ಬಾಸೆ, ಬೀದೀಲೊಂದು ಬಾಸೆ. ಆದ್ರೂ ನಾವು ಇಂಥೋರು ಅಂತ ಗೋಡೆ ಮ್ಯಾಲೆ ತೋರುಸ್ತಾರೆ. ನಾವೇನ್ ತೋರ್ಸಿದ್ದೀವಿ?"

"ರೇಷನ್ ಕಾರ್ಡು," ಎಂದರು ಅತ್ತೆ.

ಮೂರನೆಯ ದಿನ ಬೆಳಿಗ್ಗೆ ಬೀದಿಯೇ ಬೆಚ್ಚಿಬಿತ್ತು. ಮಾವನ ಗೋಡೆಯ ಮೇಲೆ ಬುರುಡೆ! ಹಣೆಗೆ ಕುಂಕುಮ, ತಲೆ ತುಂಬ ಮಲ್ಲಿಗೆ! ಕರೆಂಟಿನ ಮೀಟರ್ ನೋಡಲು ಬಂದವನು ಅಪಾಯದ ಗುರುತೆಂದು ತಿಳಿದು ಗೇಟಿನಿಂದಲೇ ಹಿಂದಿರುಗಿದ. ಮಧ್ಯಾಹ್ನ ಎದುರುಮನೆಯ ಯಜಮಾನರು ಹಾರ ಹಿಡಿದು ಬಂದರು. ಬಾಗಿಲು ತೆರೆದದ್ದು ಮಾವನೇ.

"ಐಯೋ! ಅಪ್ಪೊ ಪೋನದು ಯಾರು?" ಎಂದರು ತಮಿಳಿನಲ್ಲಿ, ಹಾಗಾದರೆ ಹೋದವರು ಯಾರೆಂದು.

"ಇನ್ನೂ ಯಾರೂ ಓಗಿಲ್ಲ. ಒಳಗ್ ಬನ್ನಿ, ಕಾಪಿ ಕುಡೀರಿ."

ಸಂಜೆ ಅತ್ತೆ ಸುಣ್ಣದ ಬಕೆಟ್ಟು ಎತ್ತಿಕೊಂಡರು. "ಬರೆಯೋದ್ ಬರೆದ್ರಿ, ಒಂದ್ ಮನುಸ್ರ ಮುಖ ಬರೀಬಾರ್ದಾ?"

"ಅವ್ವನ್ ಮುಖಾನೇ ಬರ್ಯಾಕೆ ಓಗಿದ್ದು," ಎಂದರು ಮಾವ. "ನೆಪ್ಪಿಗೇ ಬರ್ಲಿಲ್ಲ. ಅದ್ಕೇ ಬುರುಡೆ ಮಾಡ್ದೆ."

ಅತ್ತೆಯ ಕೈ ನಿಂತಿತು. ನಮ್ಮ ಅಜ್ಜಿ ಒಂದೇ ಒಂದು ಫೋಟೋ ಇಲ್ಲದೆ ಹೋದವಳು. ಅವಳನ್ನು ಕಂಡವರಲ್ಲಿ ಉಳಿದವರು ಇಬ್ಬರೇ: ಮಾವ, ಮತ್ತೆ ಧರ್ಮಪುರಿಯಲ್ಲಿರುವ ಅವರ ಅಕ್ಕ, ಅಂದರೆ ನನ್ನ ಅಮ್ಮ.

ಮಾವ ಗೋಡೆ ಬಿಟ್ಟು ಮಗ್ಗ ಹಿಡಿದರು. ಅವ್ವನ ಮುಖವನ್ನೇ ನೇಯುವುದಂತೆ! ದಿನಕ್ಕೆ ನಾಲ್ಕು ಸಲ ಅಮ್ಮನಿಗೆ ಫೋನು. "ಅಕ್ಕಾ, ಅವ್ವನ ಕಿವಿ ಎಂಗಿತ್ತು?"

"ಕನ್ನಡೀಲಿ ನೋಡ್ಕೊ. ನಿನ್ ತಲೇಲೇ ಐತೆ. ಅದ್ಕೇ ಇಂಡಿ ಇಂಡಿ ಎಳೀತಿದ್ಲು!"

ಎರಡು ತಿಂಗಳ ಮೇಲೆ ಅಮ್ಮನಿಗೆ ಕರೆ ಬಂತು. "ಅಕ್ಕಾ, ನೀ ಬಂದು ನೋಡಿ ಊಂ ಅಂದ್ರೆ ಬೀದಿಗೋಡೆಗೆ ತೂಗಾಕ್ತೀನಿ. ಇಲ್ದಿದ್ರೆ ಒಲೆಗೆ." ಅಮ್ಮ ಬಸ್ಸು ಹತ್ತಿ, ತೊಪ್ಪೂರು ಘಾಟಿ ಇಳಿದು, ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಮಾವ ಬಟ್ಟೆ ಹರಡಿದರು.

ಅಮ್ಮ ಬಗ್ಗಿ ನೋಡಿದಳು. "ಇವ್ಳು ಯಾರ್ಲಾ? ಅವ್ವನ ಮೂಗುಬೊಟ್ಟು ಇದ್ದಿದ್ದು ಬಲಕ್ಕೆ."

ಮಗ್ಗದಲ್ಲಿ ಬಟ್ಟೆಯ ಚಂದದ ಮುಖ ಕೆಳಗಿರುತ್ತದೆ; ನೇಯುವವನಿಗೆ ಕಾಣುವುದು ಬೆನ್ನು. ಮೇಲಿನಿಂದ ಸರಿಯಾಗಿ ಕಂಡದ್ದೆಲ್ಲ ಕೆಳಗೆ ಎಡಬಲ ಅದಲುಬದಲಾಗಿತ್ತು! ಹಂಸ ಎತ್ತ ನೋಡಿದರೆ ಯಾರು ಕೇಳುತ್ತಾರೆ? ಐವತ್ತು ವರ್ಷ ಯಾರೂ ಕೇಳದ್ದನ್ನು ಅಮ್ಮ ಕೇಳಿದ್ದಳು. ಮಾವನ ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತು.

ಅವರು ಬಟ್ಟೆಯನ್ನು ಮಗುಚಿದರು. ಬೆನ್ನಿನ ತುಂಬ ಕತ್ತರಿಸದ ಎಳೆಗಳು ಜೋತಾಡುತ್ತಿದ್ದವು. ಮೂಗುಬೊಟ್ಟು ಬಲಕ್ಕೆ ಬಂದಿತ್ತು.

"ಈಗ?"

ಅಮ್ಮ ಊಂ ಎನ್ನಲಿಲ್ಲ. ಹಣೆಯ ಮೇಲೆ ಇಳಿಬಿದ್ದಿದ್ದ ಕಪ್ಪು ಎಳೆಯೊಂದನ್ನು ಬೆರಳ ತುದಿಯಲ್ಲಿ ಎತ್ತಿ, ಮೆಲ್ಲಗೆ ಕಿವಿಯ ಹಿಂದಕ್ಕೆ ಸರಿಸಿದಳು.