ನೇರಳೆ ಹೂವಿನ ವಕೀಲ

ಗಡಿಯಾರ ರಿಪೇರಿಯವನು ಹಲ್ಲುಜ್ಜುತ್ತ ಹಿಂಬಾಗಿಲು ತೆರೆದದ್ದೇ ತಪ್ಪಾಯಿತು. ವಠಾರದ ಹಿಂದಿನ ಹುಲ್ಲುಬಯಲಲ್ಲಿ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟುತ್ತಿತ್ತು. ಅದರ ಬಾಯಿಂದ ಒಂದೇ ಮಾರು ದೂರದಲ್ಲಿ, ಎತ್ತರದ ಹುಲ್ಲಿನ ನಡುವೆ, ಪುಟ್ಟ ನೇರಳೆ ಬಣ್ಣದ ಹೂವುಗಳು ಏನೂ ಅರಿಯದ ಕೂಸುಗಳಂತೆ ತಲೆದೂಗುತ್ತಿದ್ದವು.

ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿಹೋಗಿ ಯಂತ್ರದೆದುರು ಕೂತುಬಿಟ್ಟ. ಯಂತ್ರದವನು ಹುಚ್ಚುನಾಯಿ ಕಂಡಂತೆ ಬೆಚ್ಚಿ ಯಂತ್ರ ನಿಲ್ಲಿಸಿದ.

ವಠಾರದ ಕಾರ್ಯದರ್ಶಿ ಧಾವಿಸಿ ಬಂದರು. "ಏನ್ರೀ ಇದು, ಕಳೆಗೆ ಕಾವಲಾ?"

"ಕಳೆ ಅಲ್ಲ ಸಾರ್. ಈ ಮಣ್ಣಿನದೇ ಹೂವು. ನಾವೆಲ್ಲ ಬರೋಕೆ ಮುಂಚಿನಿಂದ ಇಲ್ಲಿದೆ."

"ಹೆಸರೇನು?"

"ಗೊತ್ತಿಲ್ಲ."

"ಹೆಸರೇ ಗೊತ್ತಿಲ್ಲದ್ದಕ್ಕೆ ಇಷ್ಟು ರಂಪಾನಾ?"

"ನಿಮಗೆ ಹೆಸರಿಡೋ ತನಕ ನಿಮ್ಮಮ್ಮ ನಿಮ್ಮನ್ನ ಕಸದ ಬುಟ್ಟೀಲಿ ಇಟ್ಟಿದ್ರಾ?"

ಜನ ಸೇರಿತು. ವಠಾರವೆಲ್ಲ ಅತ್ತೆ ಎಂದೇ ಕರೆಯುವ ಮಹಡಿ ಮನೆಯಾಕೆ, "ಬದನೆ ಹೂವು ಕಣಯ್ಯಾ," ಎಂದರು. ನಿವೃತ್ತ ವಕೀಲರು, "ಹಡಗು ಹತ್ತಿ ಬಂದ ಪರದೇಶಿ ಕಳೆ," ಎಂದು ತೀರ್ಪಿತ್ತರು. ಔಷಧಿ ಅಂಗಡಿಯವರು ಮಾತ್ರ ದೂರವೇ ನಿಂತು, "ವಿಷ! ತಾಗಿದ್ರೆ ಮೈ ಊದುತ್ತೆ," ಎಂದರು.

"ಊದಲಿ ನೋಡೋಣ!" ಎಂದವನೇ ಒಂದು ಹೂವನ್ನು ಕೆನ್ನೆಗೆ ಉಜ್ಜಿಕೊಂಡ. ಅದೇ ಹೊತ್ತಿಗೆ ಇರುವೆಯೊಂದು ಅದೇ ಕೆನ್ನೆಯನ್ನು ಹುಡುಕಿಕೊಂಡು ಬಂದಿತ್ತು. ಕೆನ್ನೆ ಬನ್ನಿನಂತೆ ಉಬ್ಬಿತು.

"ಇದು ಇರುವೆ ಕಚ್ಚಿದ್ದು!" ಎಂದು ಅವನು ಅರಚಿದ್ದನ್ನು ಒಬ್ಬರೂ ನಂಬಲಿಲ್ಲ.

"ಅಂಗಡಿ ತೆಗೆಯೋರ್ಯಾರು?" ಎಂದು ಹಿಂಬಾಗಿಲಿಂದ ಹೆಂಡತಿ ಕೂಗಿದಳು.

"ನಿಂತ ಗಡಿಯಾರ ನಾಳೆ ಓಡಿಸಬಹುದು ಕಣೇ. ಈ ಹೂವು ನಿಂತುಹೋದ್ರೆ ಯಾರು ಓಡಿಸ್ತಾರೆ?"

ಅವಳು ಒಂದು ಕೊಡೆಯನ್ನು ಅವನತ್ತ ಎಸೆದು ಒಳಗೆ ಹೋದಳು.

ಮಧ್ಯಾಹ್ನ ಯಂತ್ರದವನು, "ಈ ವಠಾರಕ್ಕೆ ಇನ್ನು ಕಾಲಿಡಲ್ಲ," ಎಂದು ಕೈಮುಗಿದು ಹೊರಟುಹೋದ. ಗಡಿಯಾರದವನ ಮಾನ ಕಳೆಯಲೇಬೇಕೆಂದು ಕಾರ್ಯದರ್ಶಿ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಅವರನ್ನೇ ಕರೆತಂದರು.

ಮೇಡಂ ಮಂಡಿಯೂರಿ ದಂಟನ್ನು ಬೆರಳಲ್ಲಿ ಹೊರಳಿಸಿದರು. "ಚೌಕದ ದಂಟು. ಎದುರುಬದುರು ಎಲೆ. ತುಟಿ ಚಾಚಿದಂಥ ಎಸಳು. ಇವರು ಹೇಳಿದ್ದು ಸರಿ, ಅಪ್ಪಟ ಈ ನೆಲದ ಹೂವು." ಅವರು ಹೇಳಿದ ಶಾಸ್ತ್ರೀಯ ಹೆಸರು ರೈಲಿನಷ್ಟು ಉದ್ದವಿತ್ತು, ಕೊನೆಯ ಡಬ್ಬಿ ಬರುವಷ್ಟರಲ್ಲಿ ಎಲ್ಲರಿಗೂ ಎಂಜಿನ್ ಮರೆತುಹೋಗಿತ್ತು.

"ಕೇಳಿಸ್ಕೊಂಡ್ರಾ!" ಗಡಿಯಾರದವನು ಊದಿದ ಕೆನ್ನೆಯಲ್ಲೇ ಗರ್ಜಿಸಿದ.

"ಆದ್ರೆ ಇದು ಗಿಡ್ಡ ಜಾತಿ," ಎಂದರು ಮೇಡಂ. "ಹುಲ್ಲು ಹೀಗೇ ಬಿಟ್ರೆ ಬಿಸಿಲು ಸಿಗದೆ ಸಾಯುತ್ತೆ. ವರ್ಷಾ ವರ್ಷಾ ಹುಲ್ಲು ಕತ್ತರಿಸಿದ್ದಕ್ಕೇ ಇಲ್ಲೀ ತನಕ ಬದುಕಿದೆ."

ಕಾರ್ಯದರ್ಶಿಯ ಮೀಸೆ ಚಿಗುರಿತು. "ಹಾಗಾದ್ರೆ ಯಂತ್ರ ವಾಪಸ್ ಕರೆಸ್ಲಾ?"

"ಬೇಡ, ಈ ಸಲ ಆಗಲೇ ಹೂ ಬಿಟ್ಟಿದೆ, ಯಂತ್ರ ಬಿಟ್ರೆ ಬೀಜ ಆಗೋಕೆ ಮುಂಚೆ ಹೂವೂ ಹೋಗುತ್ತೆ. ಕುಡುಗೋಲಲ್ಲಿ, ಒಂದೊಂದೇ ಗಿಡ ಉಳಿಸಿ ಸುತ್ತಲ ಹುಲ್ಲು ಕೊಯ್ಯಬೇಕು. ಇವತ್ತೇ ಶುರು ಮಾಡಿದ್ರೆ ಒಳ್ಳೇದು."

ಎಲ್ಲರ ಕಣ್ಣೂ ಒಬ್ಬನ ಮೇಲೇ ಬಿತ್ತು. ಅತ್ತೆ ಆಗಲೇ ಕುಡುಗೋಲು ತರಲು ಹೋಗಿದ್ದರು.

ಹೊತ್ತು ಇಳಿಯುವಾಗ ಅವನು ಬಯಲಲ್ಲಿ ಕುಕ್ಕುರುಗಾಲಲ್ಲಿ ಕೂತು ಹುಲ್ಲು ಕೊಯ್ಯುತ್ತಿದ್ದ. ಇಡೀ ವಠಾರ ಗೋಡೆಗೊರಗಿ ಸಲಹೆ ಕೊಡುತ್ತಿತ್ತು.

"ಕೊನೆಗೂ ನಮ್ಮ ದಾರಿಗೇ ಬಂದ್ರಲ್ಲ!" ಎಂದರು ಕಾರ್ಯದರ್ಶಿ.

ಅವನು ಸೊಂಟ ಹಿಡಿದುಕೊಂಡು ಎದ್ದು ಕುಡುಗೋಲೆತ್ತಿ ಗುಡುಗಿದ:

"ಕೊಯ್ತಿರೋದು ಹೂವಿಗೋಸ್ಕರ. ನೀವು ಹೇಳಿದ್ರಿ ಅಂತ ಅಲ್ಲ!"