ಚಿನ್ನಕ್ಕನ ಕೊಲೆಯನ್ನು ಮೂರು ಸಲ ತಡೆದದ್ದು

ರಾಯದುರ್ಗ ಪಟ್ಟಣದಲ್ಲಿ ಒಂದು ವರ್ಷದೊಳಗೆ ನಾನೂರ ಹನ್ನೆರಡು ಕೊಲೆಗಳು ನಡೆಯಲಿವೆ ಎಂದು ಮೊದಲೇ ಲೆಕ್ಕ ಹಾಕಿ ಹೇಳಿದ ಕಚೇರಿಯ ಹೆಸರು ನರಹತ್ಯಾ ಮುನ್... ಮುನ್ನೋಟವಲ್ಲ. ಮುನ್ನೆಚ್ಚರಿಕೆಯೂ ಅಲ್ಲ. 'ಮುನ್' ಅಂತೂ ಇತ್ತು. ಬೋರ್ಡಿನ ಮೇಲೆ ತೆಲುಗಿನಲ್ಲೊಂದು, ಕನ್ನಡದಲ್ಲೊಂದು ಬರೆಸಿದ್ದರು. ಎರಡೂ ಯಾರ ನಾಲಗೆಗೂ ಹೊರಳದೆ ಜನ ಅದನ್ನು ಕೊಲೆ ಆಫೀಸು ಎಂದರು. ಸ್ವಲ್ಪ ದಿನಕ್ಕೆ ಕಚೇರಿಯವರೂ ಫೋನೆತ್ತಿ "ಹಲೋ, ಕೊಲೆ ಆಫೀಸು" ಎನ್ನತೊಡಗಿದರು. ನಾನೂ ಹಾಗೆಯೇ ಕರೆಯುತ್ತೇನೆ.

ಹಿಂದಿನ ವರ್ಷ ಊರಿನಲ್ಲಿ ಒಂದೂ ಕೊಲೆ ಆಗಿರಲಿಲ್ಲ. ಅದನ್ನು ಕಂಪ್ಯೂಟರಿಗೆ ತಿಳಿಸಲಿಲ್ಲ. ಸೊನ್ನೆಯಿಂದ ಯಾವ ವಿಶ್ಲೇಷಣೆಯೂ ಸಾಧ್ಯವಿಲ್ಲ ಎಂದು ದತ್ತಾಂಶ ಅಧಿಕಾರಿ ಯೋಗೀಶ ಟಿಪ್ಪಣಿ ಬರೆದಿದ್ದರು. ಬದಲಿಗೆ ಅವರು ಹತ್ತು ವರ್ಷಗಳಲ್ಲಿ ಊರಿನ ಜನ ನಾನಾ ಕಚೇರಿಗಳಿಗೆ ಕೊಟ್ಟ ಅರ್ಜಿಗಳನ್ನೆಲ್ಲ ಕಂಪ್ಯೂಟರಿಗೆ ಓದಿಸಿದರು. ಅದು ಒಂದೂವರೆ ದಿನ ಓದಿ, ಕೊಲ್ಲಲಿರುವವರ ಹೆಸರು, ಕೊಲೆಯಾಗಲಿರುವವರ ಹೆಸರು, ವಾರ್ಡು, ಶೇಕಡಾವಾರು ಸಂಭವ, ಎಲ್ಲವನ್ನೂ ಅಕಾರಾದಿಯಾಗಿ ಕೊಟ್ಟಿತು.

ಇದಕ್ಕೆ ಮೂಲ ಕಾರಣ ಮೂಕಪ್ಪ. ಮೂಕಪ್ಪ ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತು ವರ್ಷದಿಂದ ಊರಿಗೆಲ್ಲ ಅರ್ಜಿ ಬರೆದುಕೊಡುವ ಮನುಷ್ಯ. ಬರೀ ಕಷ್ಟ ಬರೆದರೆ ಅರ್ಜಿಯನ್ನು ಯಾರೂ ಬಿಚ್ಚುವುದಿಲ್ಲ ಎಂಬುದು ಅವನ ಅನುಭವ. ಹಾಗಾಗಿ ಚರಂಡಿ ಕಟ್ಟಿದರೂ, ನಲ್ಲಿ ಬಾರದಿದ್ದರೂ, ಪಕ್ಕದವರ ಕೋಳಿ ಕಡಲೆಕಾಯಿ ತಿಂದರೂ, ಕೊನೆಯ ಸಾಲಿನಲ್ಲಿ "ಸದರು ವಾರಿ ವಲ್ಲ ನಾಕು ಪ್ರಾಣಹಾನಿ ಉಂದಿ" ಎಂದು, ಅಂದರೆ ಇವರಿಂದ ನನ್ನ ಜೀವಕ್ಕೆ ಅಪಾಯವಿದೆ ಎಂದು, ತೆಲುಗಿನಲ್ಲಿ ಸೇರಿಸುತ್ತಿದ್ದ. ಅರ್ಜಿಗೆ ಅಂದೇ ಸೀಲು ಬೀಳುತ್ತಿತ್ತು. ಈ ಸಾಲಿಗೆ ಅವನು ಬೇರೆ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಅರ್ಜಿಗೆ ಅದು ಸಹಿ ಇದ್ದಂತೆ ಎನ್ನುತ್ತಿದ್ದ.

ಪಟ್ಟಿಯಲ್ಲಿ ಮೂರನೇ ವಾರ್ಡಿನ ದೀಪದ ಕಂಬವೊಂದು ಏಳು ಜನರನ್ನು ಕೊಲ್ಲಲಿತ್ತು. ಬೋರಪ್ಪ ಎಂಬುವವರ ಎಮ್ಮೆ ಇಬ್ಬರನ್ನು. ಕಂಬಕ್ಕೆ ನೋಟೀಸು ಅಂಟಿಸಿ ಮೂರು ಸಲ ವಿಚಾರಣೆಗೆ ಕರೆದರು. ಅದು ಹಾಜರಾಗದ ಕಾರಣ, ಜಾಗ ಬಿಟ್ಟು ಕದಲಬಾರದೆಂದು ಆದೇಶ ಹೊರಡಿಸಿದರು. ಈ ಆದೇಶವನ್ನು ಕಂಬ ಇಂದಿಗೂ ಪಾಲಿಸುತ್ತಿದೆ ಎಂದು ಕಡತದಲ್ಲಿದೆ.

ಪಟ್ಟಿಯ ನೂರಾ ಎಂಟನೆಯ ಸಾಲಿನಲ್ಲಿ ನನ್ನ ತಂಗಿಯ ಮಗಳು ಚಿನ್ನಕ್ಕನ ಹೆಸರಿತ್ತು. ಇದನ್ನೆಲ್ಲ ಫೋನಿನಲ್ಲಿ ನನಗೆ ಹೇಳಿದವಳು ಅವಳೇ. ಅವಳನ್ನು ಕೊಲ್ಲಲಿರುವವನು ಪಕ್ಕದ ಮನೆಯ ಮಾರೇಶ. ಸಂಭವ ಶೇಕಡಾ ಎಪ್ಪತ್ತೊಂದು. ಮಾರೇಶ ಮನೆಯಲ್ಲೇ ಆರು ಮಿಷನ್ ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾನೆ. ಎರಡು ವರ್ಷದ ಹಿಂದೆ ಅವನ ಮನೆಯ ಬಟ್ಟೆ ಚೂರು ಇವಳ ಚರಂಡಿಗೆ ಸಿಕ್ಕಿ ನೀರು ಅಂಗಳಕ್ಕೆ ನುಗ್ಗಿತ್ತು. ಇವಳು ಮೂಕಪ್ಪನ ಹತ್ತಿರ ಹೋದಳು. ಸಂಜೆಗೆ ಮಾರೇಶನೇ ಕೋಲು ಹಾಕಿ ಚೂರು ತೆಗೆದ. ಇವಳು ಟೀ ಕೊಟ್ಟಳು. ಟೀ ಕುಡಿಯುತ್ತಾ ಮಾತು ಮಕ್ಕಳ ಕಡೆಗೆ ಹೊರಳಿ, ಇವಳ ಮಗಳು ಪವಿತ್ರಳನ್ನು ಅವನ ಮಗ ಶಿವಶಂಕರನಿಗೆ ಕೊಡುವುದೆಂದಾಯಿತು. ಪಟ್ಟಿ ಹೊರಬಂದಾಗ ಲಗ್ನಪತ್ರಿಕೆ ಅಚ್ಚಾಗಿತ್ತು.

ಕೊಲೆ ಆಫೀಸಿನ ಏಳನೆಯ ನಿಯಮ ಹೀಗಿದೆ: "ಕೊಲ್ಲಲಿರುವವರೂ ಕೊಲೆಯಾಗಲಿರುವವರೂ ಒಬ್ಬರಿಗೊಬ್ಬರು ಇನ್ನೂರು ಮೀಟರಿನೊಳಗೆ ಬರತಕ್ಕದ್ದಲ್ಲ. ಎರಡು ಮನೆಗೆ ಗೋಡೆ ಒಂದೇ ಇದ್ದಲ್ಲಿ, ಮನೆಯೊಳಗಿರುವಾಗ ಈ ಅಳತೆ ಅನ್ವಯಿಸತಕ್ಕದ್ದಲ್ಲ." ಹೀಗಾಗಿ ಇಬ್ಬರೂ ಮನೆಯಲ್ಲಿ ಇರಬಹುದಿತ್ತು, ಮದುವೆಯಲ್ಲಿ ಇರುವಂತಿರಲಿಲ್ಲ. ಕಲ್ಯಾಣ ಮಂಟಪದ ಉದ್ದ ಅರವತ್ತು ಅಡಿ. ನಮ್ಮ ಮನೆತನದಲ್ಲಿ ಹೆಣ್ಣಿನ ತಾಯಿ ತನ್ನ ಕೈಯಾರೆ ಬೀಗರಿಗೆ ಪಾನಕದ ಲೋಟ ಕೊಡದೆ ಗಂಡಿನ ಕಡೆಯವರು ಮೆಟ್ಟಿಲು ಹತ್ತುವುದಿಲ್ಲ. ಲೋಟ ಕೊಡದಿದ್ದರೆ ಮದುವೆ ಇಲ್ಲ.

ಚಿನ್ನಕ್ಕ ಗಂಡ ಜಂಬಯ್ಯನನ್ನು ಕರೆದುಕೊಂಡು ಕೊಲೆ ಆಫೀಸಿಗೆ ಹೋದಳು.

"ಸಾರ್, ಆ ಅರ್ಜಿ ವಾಪಸ್ ಕೊಡ್ರಿ. ಅವರು ಈಗ ನಮ್ಮ ಬೀಗರು ಆಗ್ಯಾರ."

"ಸಂಬಂಧ ಆಯ್ತು ಅಂತ ಸಂಭವ ಕಡಿಮೆಯಾಗುವುದಿಲ್ಲಮ್ಮ," ಎಂದರು ಯೋಗೀಶ. "ಅಂಕಿಅಂಶದ ಪ್ರಕಾರ ಜಾಸ್ತಿ ಕೊಲೆ ಸಂಬಂಧಿಕರಲ್ಲೇ ಆಗೋದು."

"ಅವನು ಕೋಳೀನೂ ಕೊಯ್ಯಂಗಿಲ್ರಿ," ಎಂದ ಜಂಬಯ್ಯ. "ಅಂಗಡ್ಯಾಗ ಕೊಯ್ಸಿಕೊಂಡು ಬರ್ತಾನ. ಅದೂ ಆ ಕಡೆ ಮುಖ ತಿರುಗಿಸಿ ನಿಂತು."

"ಅದನ್ನು ಲಿಖಿತವಾಗಿ ಕೊಡಿ."

ಲಿಖಿತ ಎಂದರೆ ಮೂಕಪ್ಪ. ಅವನು ಬೆಳಿಗ್ಗೆಯೆಲ್ಲ ಕೂತು, ತುಂಬಾ ಚೆನ್ನಾಗಿಯೇ ಬರೆದ. ಮಾರೇಶ ಸಜ್ಜನ, ಸೌಮ್ಯ, ಕೋಳಿಯನ್ನೂ ಕೊಯ್ಯದವನು, ಆದ್ದರಿಂದ ಸದರಿ ಅರ್ಜಿಯನ್ನು ಹಿಂಪಡೆಯಲು ಅನುಮತಿಸಬೇಕು. ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಕೈ ತನ್ನಷ್ಟಕ್ಕೆ ಆ ಹಳೆಯ ಸಾಲಿಗೆ ಹೋಯಿತು. ಚಿನ್ನಕ್ಕನಿಗೆ ತೆಲುಗು ಮಾತು ಸಲೀಸು, ಓದಲು ಬಾರದು. ಹೆಬ್ಬೆಟ್ಟೊತ್ತಿ ಕೊಟ್ಟು ಬಂದಳು. ಮರುದಿನ ಸಂಭವ ಶೇಕಡಾ ತೊಂಬತ್ತಮೂರಕ್ಕೆ ಏರಿ, ದೂರ ನಾನೂರು ಮೀಟರ್ ಆಯಿತು.

"ಯಾಕ ಬರೆದಿ ಮೂಕಣ್ಣ?" ಎಂದು ಅವಳು ಮೇಜಿನ ಮುಂದೆ ನಿಂತು ಕೇಳಿದಳು.

"ಅದಿಲ್ದಿದ್ರ ಅರ್ಜಿ ಬೋಳು ಕಾಣ್ತೈತವ್ವ," ಎಂದ ಮೂಕಪ್ಪ. ತಪ್ಪಾಯಿತೆಂದು ಅವನೇ ಒಂದು ಕ್ಷಮಾಪಣೆಯ ಅರ್ಜಿ ಬರೆದು ಕಚೇರಿಗೆ ಕೊಟ್ಟ. ಅದರಿಂದ ಊರಿನ ಅಂದಾಜು ನಾನೂರ ಹದಿಮೂರಾಯಿತು.

ಈ ನಡುವೆ ಮಡಕಶಿರಾದಿಂದ ಒಂದು ನಿಯೋಗ ಬಂತು. ಅಲ್ಲಿ ಅರ್ಜಿ ಬರೆಯುವ ರಾಮಾಂಜಿ ಮರ್ಯಾದಸ್ಥ. ಕೊನೆಯ ಸಾಲಿನಲ್ಲಿ "ತಮ್ಮ ವಿಧೇಯ" ಎಂದಷ್ಟೇ ಬರೆಯುವವನು. ಹಾಗಾಗಿ ಮಡಕಶಿರಾದ ಅಂದಾಜು ಕೇವಲ ಮೂರು. ನಿಯೋಗದ ಮುಖಂಡ ಪಾಪಣ್ಣ, ಹಿಪ್ಪುನೇರಳೆ ಬೆಳೆಯುವವರು, ಕಚೇರಿಯ ಮುಖ್ಯಸ್ಥೆ ವಾಣಿಶ್ರೀ ಮೇಡಂ ಎದುರು ಟವೆಲು ಕೊಡವಿ ಕೂತರು.

"ಮೇಡಂ, ರಾಯದುರ್ಗಕ್ಕೆ ನಾನೂರ್ ಚಿಲ್ರೆ, ನಮ್ಗೆ ಮೂರು. ಯಾಕೆ, ನಮ್ಮೂರ್ನಾಗೆ ಗಂಡಸ್ರಿಲ್ವಾ?"

"ದತ್ತಾಂಶ ಹಾಗೆ ಹೇಳುತ್ತೆ."

"ಹೆಣ ಸಾಗ್ಸೋ ವ್ಯಾನು ಅವರ್ಗೆ ಎರಡು ಕೊಟ್ಟಿದೀರಿ. ನಮ್ಗೆ ಒಂದಾದ್ರೂ ಬ್ಯಾಡ್ವಾ? ಗುಡಿಬಂಡೆಯೋರು ನಗ್ತಾ ಅವ್ರೆ."

ಅವರ ಬೇಡಿಕೆ ನ್ಯಾಯವಾಗಿದ್ದರಿಂದ ಮೂಕಪ್ಪನನ್ನು ಎಂಟು ದಿನದ ಮಟ್ಟಿಗೆ ಮಡಕಶಿರಾಕ್ಕೆ ನಿಯೋಜಿಸಲಾಯಿತು. ಅಲ್ಲಿಯ ಅಂದಾಜು ಇನ್ನೂರ ಆರಕ್ಕೆ ಮುಟ್ಟಿತು. ವ್ಯಾನು ಬಂದ ದಿನ ಜನ ಅದಕ್ಕೆ ನಿಂಬೆಹಣ್ಣು ಕಟ್ಟಿದರು.

ಆದರೆ ವಾಣಿಶ್ರೀ ಮೇಡಂಗೆ ನಿದ್ದೆ ಇರಲಿಲ್ಲ. ಮಾರ್ಚ್ ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಆಗಿರುವ ಕೊಲೆಗಳು: ಇಲ್ಲ. ತಡೆದ ಕೊಲೆಗಳು: ಇಲ್ಲ. ವರದಿಯಲ್ಲಿ ಎರಡು ಕಾಲಮ್ಮೂ ಖಾಲಿ. ಕೊಲೆ ಆಗಲಿಲ್ಲ ಎಂದ ಮಾತ್ರಕ್ಕೆ ತಡೆದಂತಲ್ಲ. ತಡೆಯಬೇಕಾದರೆ ಮೊದಲು ಯಾರಾದರೂ ಕೈ ಎತ್ತಬೇಕು. ಅವರು ಮುಖ ಕಪ್ಪಿಟ್ಟು ಕೂತಿದ್ದಾಗಲೇ ಚಿನ್ನಕ್ಕ ಮತ್ತೆ ಬಂದಳು.

"ಅಮ್ಮಾರೆ, ತಡೆದು ಮುಗಿದ ಮ್ಯಾಲೆ ಈ ದೂರ ಇರಬೇಕು ಅನ್ನೋದು ಇರ್ತೈತೇನ್ರಿ?"

ಮೇಡಂ ನಿಯಮದ ಪುಸ್ತಕ ತೆಗೆದು ನೋಡಿದರು. "ಇರೋದಿಲ್ಲ. ತಡೆದ ಕೊಲೆ ಮುಗಿದ ಕಡತ."

"ಹಂಗಿದ್ರ ಮದುವಿ ದಿನ ಬೆಳಿಗ್ಗೆ ಬಂದು ತಡೀರಿ. ನಮ್ಮ ಬೀಗರು ಕೈ ಎತ್ತತಾರ. ಉಪ್ಪಿಟ್ಟು ಮಾಡಿಸಿರ್ತೀನಿ."

ಮಾರೇಶನನ್ನು ಒಪ್ಪಿಸುವುದೇ ಕಷ್ಟವಾಯಿತು. "ಬೀಗತಿ ಮ್ಯಾಲೆ ಕೈ ಎತ್ತೋದು ಹ್ಯಾಂಗ್ರಿ, ಮಂದಿ ಏನಂತಾರ?" ಎಂದು ಎರಡು ದಿನ ಊಟ ಬಿಟ್ಟ. ಶಿವಶಂಕರ ಅಪ್ಪನಿಗೆ ಅಂದ: "ನೀ ಎತ್ತದಿದ್ರ ನಾ ಹಿಂಗೇ ಉಳೀತೀನಿ." ಮಾರೇಶ ಕತ್ತರಿ ಒಲ್ಲೆನೆಂದ. ಕೊನೆಗೆ ತೆಂಗಿನಕಾಯಿ ಆಗಬಹುದೆಂದು ಯೋಗೀಶ ಒಪ್ಪಿದರು. ಅದರ ತೂಕ ಹಾಕಿ, ಮಾರಕ ಎಂದು ಬರೆದುಕೊಂಡರು.

ಮದುವೆಯ ದಿನ ಪುರೋಹಿತರು ಏಳೂ ಇಪ್ಪತ್ತಕ್ಕೆ ಒಳ್ಳೆಯ ಗಳಿಗೆ ಎಂದರು. ಮಂಟಪದ ಮೆಟ್ಟಿಲ ಹತ್ತಿರ ಚಿನ್ನಕ್ಕ ರೇಷ್ಮೆ ಸೀರೆಯಲ್ಲಿ ತಲೆ ಬಾಗಿಸಿ ನಿಂತಳು. ಮಾರೇಶ ತೆಂಗಿನಕಾಯಿ ಎತ್ತಿದ. ವಾಲಗದವರು ತಿಳಿಯದೆ ಗಟ್ಟಿಮೇಳ ಬಾರಿಸಿದರು. ಯೋಗೀಶ ಮುಂದೆ ಬಂದು ಮಾರೇಶನ ಮಣಿಕಟ್ಟು ಹಿಡಿದು, "ತಡೆಯಲಾಗಿದೆ" ಎಂದು ಗಂಭೀರವಾಗಿ ಹೇಳಿದರು.

"ಸಾರ್, ಅಮ್ಮ ಕಣ್ಣು ಮುಚ್ಯಾರ," ಎಂದ ಫೋಟೋದವನು. "ಇನ್ನೊಂದ್ಸಲ."

ಎರಡನೆಯ ಸಲ ಮಾರೇಶ ನಗುತ್ತಿದ್ದ. ಮೂರನೆಯದು ಸರಿಯಾಗಿ ಬಂತು. ಮೂರು ಫೋಟೋದಲ್ಲೂ ಸಮಯ ಬೇರೆ ಬೇರೆ ಇದ್ದುದರಿಂದ ಮೂರು ಕೊಲೆ ತಡೆದಂತೆ ದಾಖಲಾಯಿತು. ಆಮೇಲೆ ಚಿನ್ನಕ್ಕ ಪಾನಕದ ಲೋಟ ಕೊಟ್ಟಳು. ಮಾರೇಶ ಇನ್ನೂ ಕಾಯಿ ಬಿಡದೆ ಒಂದೇ ಕೈಯಲ್ಲಿ ಲೋಟ ತೆಗೆದುಕೊಂಡ. ಅರ್ಧ ಪಾನಕ ಅಂಗಿಯ ಮೇಲೆ ಚೆಲ್ಲಿತು. ಮದುವೆ ಚೆನ್ನಾಗಿ ನಡೆಯಿತು.

ಮುಂದಿನ ಹದಿನೈದು ದಿನಗಳಲ್ಲಿ ಕಚೇರಿಯವರು ಮನೆಮನೆಗೆ ತೆಂಗಿನಕಾಯಿ ಒಯ್ದು ಉಳಿದವನ್ನೆಲ್ಲ ತಡೆದರು. ದೀಪದ ಕಂಬಕ್ಕೆ ಕೈ ಇಲ್ಲದ ಕಾರಣ ಲೈನ್‌ಮನ್ ಮಾರುತಿ ಅದರ ಪರವಾಗಿ ಎತ್ತಿದ. ವರ್ಷದ ಕೊನೆಗೆ ಅಂದಾಜಿಗಿಂತ ಎರಡು ಹೆಚ್ಚೇ ಕೊಲೆ ತಡೆದು ವಾಣಿಶ್ರೀ ಮೇಡಂ ಪ್ರಶಸ್ತಿ ಪಡೆದರು. ಈಗ ಅಲ್ಲಿಯ ಮದುವೆಗಳಲ್ಲಿ ಅರಿಶಿನಕ್ಕೂ ಧಾರೆಗೂ ನಡುವೆ ಕಾಯಿ ಎತ್ತುವ ಶಾಸ್ತ್ರವೊಂದಿದೆ. ಪಟ್ಟಿಯಲ್ಲಿ ಹೆಸರಿಲ್ಲದವರೂ ಮಾಡುತ್ತಾರೆ. ಮಾಡದಿದ್ದರೆ ಬೀಗರಿಗೆ ಅಸಮಾಧಾನ.

ಈ ವರ್ಷದ ಗುರಿ ಆರುನೂರು. ಅಷ್ಟು ಅರ್ಜಿ ಒಬ್ಬ ಮೂಕಪ್ಪನಿಂದ ಆಗದು ಎಂದು, ಊರಿನ ಎಲ್ಲ ಕಚೇರಿಗಳ ಎಲ್ಲ ನಮೂನೆಗಳಲ್ಲೂ ಒಂದು ಕಾಲಮ್ ಸೇರಿಸಿದ್ದಾರೆ. ನನ್ನ ಜನನ ಪ್ರಮಾಣಪತ್ರಕ್ಕೆ ಹಾಕಬೇಕಾದ ನಮೂನೆ ಮೊನ್ನೆ ನಾನಿರುವ ನಾಗಪುರಕ್ಕೆ ಟಪಾಲಿನಲ್ಲಿ ಬಂತು. ಒಂಬತ್ತನೆಯ ಕಾಲಮ್: ತಮ್ಮನ್ನು ಕೊಲ್ಲಬಹುದಾದವರ ಪೂರ್ಣ ಹೆಸರು ಮತ್ತು ಸಂಬಂಧ. ಖಾಲಿ ಬಿಟ್ಟ ಅರ್ಜಿಗಳನ್ನು ತಿರಸ್ಕರಿಸಲಾಗುವುದು.

ಮೂರು ದಿನ ಯೋಚಿಸಿದೆ. ಊರು ಬಿಟ್ಟು ಐವತ್ತೆರಡು ವರ್ಷವಾಯಿತು. ನನ್ನ ಮೇಲೆ ಸಿಟ್ಟಿದ್ದವರೆಲ್ಲ ತೀರಿಕೊಂಡಿದ್ದಾರೆ. ಇಲ್ಲಿ ನೆರೆಯವರಿಗೆ ನನ್ನ ಹೆಸರೇ ಸರಿಯಾಗಿ ಗೊತ್ತಿಲ್ಲ. ಪ್ರಮಾಣಪತ್ರ ಮಾತ್ರ ಬೇಕೇ ಬೇಕು. ಮಮತಾ, ಬಾರೆ ಇಲ್ಲಿ, ನನಗೆ ಕಣ್ಣು ಕಾಣುವುದಿಲ್ಲ, ಒಂಬತ್ತರಲ್ಲಿ ನಿನ್ನ ಹೆಸರು ಬರಿ. ಸಂಬಂಧ, ಮೊಮ್ಮಗಳು. ಅಕ್ಷರ ದುಂಡಗಿರಲಿ.